ಮೂರು ಬಿಳಿ ಗೆರೆಯ ಕಂಬಳಿ

ಕೌಜಲಗಿಯ ಸತ್ತೆಪ್ಪನ ಅಂಗಳದಲ್ಲಿ ನಿಂತು ಆ ಮನೆತನದ ಏಳು ತಲೆಮಾರಿನ ಹೆಸರನ್ನು ಒಂದೇ ಉಸಿರಿಗೆ ಹೇಳಿದ ಹೆಳವ, ಎಂಟನೆಯದಕ್ಕೆ ಬಂದು ತಡೆದ. ಮನೆಮನೆಯ ವಂಶಾವಳಿ ಓದಿ ಕಾಳುಕಡಿ ಪಡೆಯುವುದು ಅವನ ಕಸುಬು. ಹಿಂದೆ ಅವನಪ್ಪನೂ ಇದೇ ಹೆಸರಿಗೆ ತಡೆದಿದ್ದನಂತೆ.

“ಯವ್ವಾ, ಭೀಮಶೀನ್ನ ಇದ್ದವರ ಸಾಲಿಗಿ ಬರೀಲ್ಯೋ, ಹೋದವರ ಸಾಲಿಗೋ?”

“ಅದಾರ ಅಂತನ ಬರಿ,” ಎಂದಳು ಸತ್ತೆಪ್ಪನ ತಾಯಿ ದುಂಡವ್ವ. ಎಂಬತ್ತರ ಹತ್ತಿರದ ಮುದುಕಿ, ಹಣೆಯ ಮೇಲೆ ಕಾಸಗಲ ಕುಂಕುಮ. ಗಂಡನ ಮುಖ ಕಾಣದೆ ಐವತ್ತೇಳು ವರ್ಷವಾದರೂ ಆ ಕುಂಕುಮ ಒಂದು ದಿನ ತಪ್ಪಿದ್ದಿಲ್ಲ.

ಊರು ಹೇಳುವ ಕಥೆ ಬೇರೆ. ಕಣಗಲಾ ಕಡೆ ಕುರಿ ಮೇಯಿಸಲು ಹೋದ ಭೀಮಶಿ, ಹಿಂಡನ್ನು ಜೊತೆಗಾರರ ಕೈಗೆ ಬಿಟ್ಟು, ಎಲ್ಲಿಗೆಂದೂ ಹೇಳದೆ, ಯಾವಳದೋ ಬೆನ್ನುಹತ್ತಿ ಓಡಿಹೋದ. ಹೆಂಡತಿಯನ್ನು ಬಿಟ್ಟವನನ್ನಾದರೂ ಕುರುಬರ ಓಣಿ ಕ್ಷಮಿಸೀತು, ಕುರಿ ಬಿಟ್ಟವನನ್ನು ಕ್ಷಮಿಸುವುದಿಲ್ಲ. ಹುಡುಕಲು ಹೋದವರೂ ಕುರಿ ನಡೆಯುವ ದಾರಿಯಲ್ಲಷ್ಟೇ ಹುಡುಕಿ ಬಂದರು. ಕುರಿಗಾರನಿಗೆ ಡಾಂಬರು ರಸ್ತೆಯಲ್ಲಿ ಏನು ಕೆಲಸ? ಬಸ್ ಕಂಡಕ್ಟರ್ ಆದ ಸತ್ತೆಪ್ಪ ಮೂವತ್ತು ವರ್ಷ ಟಿಕೆಟ್ ಹರಿದುಕೊಡುತ್ತ, “ಓಡಿಹೋದ ಭೀಮಶಿ ಮಗಾ ಅಲ್ಲೇನ?” ಎಂಬ ಮಾತನ್ನು ನುಂಗಿಕೊಂಡು ಬಂದಿದ್ದ. ಹೆಳವ ಹೋದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಅಪ್ಪ ಎಂಥವನಾಗಿದ್ದ ಎಂಬುದು ಅವ್ವ ಇರುವಾಗಲೇ ಇತ್ಯರ್ಥವಾಗಬೇಕು.

ಗೋಕಾಕದಲ್ಲಿ ಹಿಂದೆ ವಾರಪತ್ರಿಕೆ ನಡೆಸಿದವರ ಮಗ ಮುರಿಗೆಪ್ಪ ಮಾಸ್ತರು ಈಗ ಮೂಡಲಗಿಯಲ್ಲಿದ್ದರು. ಹಳೆಯ ಸಂಚಿಕೆಗಳ ಕಟ್ಟುಗಳು ಅವರ ಅಟ್ಟದ ಮೇಲಿದ್ದವು. ಅಪ್ಪ ಕಾಣೆಯಾದದ್ದು ತಾನು ಕೂಸಾಗಿದ್ದಾಗ, ಆಗಿನ ಸುದ್ದಿ ಬೇಕೆಂದು ಸತ್ತೆಪ್ಪ ಶಾಲೆಯ ದಾಖಲೆಯಂತೆ ಅರವತ್ತೊಂಬತ್ತನೆಯ ಇಸವಿ ಹೇಳಿದ. ನಾಲ್ಕು ರಜೆಯ ದಿನ ಮೂಗಿನ ತುಂಬ ಧೂಳು ಕುಡಿದ. ಬೆಲ್ಲದ ಧಾರಣೆ ಸಿಕ್ಕಿತು, ನಾಟಕದ ಜಾಹೀರಾತು ಸಿಕ್ಕಿತು, ಅಪ್ಪ ಸಿಗಲಿಲ್ಲ.

“ಸಾಲಿ ತಾರೀಖು ನಂಬಿ ಕುಂತಿಯಲ್ಲೋ ಮಾರಾಯಾ! ಜೂನ್ ಒಂದು ಅಂತ ಅರ್ಧಾ ಊರಿಗಿ ನಾನ ಬರದೇನಿ. ನಿಮ್ಮವ್ವನ್ನ ಕೇಳಿ ಬಾ,” ಎಂದು ಮಾಸ್ತರು ಗದರಿದರು.

ದುಂಡವ್ವ ತಡವರಿಸಲಿಲ್ಲ. “ನಸಕಿನ್ಯಾಗ ಭೂಮಿ ನಡಗಿ ಗಡಿಗಿ ಬಿದ್ದೂವಲ್ಲ, ಅದಾಗಿ ಎಂಟ ದಿನಕ್ಕ ನೀ ಹುಟ್ಟಿದಿ. ಗಂಡಮಗಾ ಹುಟ್ಟೇತಿ ಅಂತ ಅವರಿಗೆ ಸುದ್ದಿ ಕಳಿಸಿದ್ದೆ. ಮುಟ್ಟಿತೋ ಇಲ್ಲೋ.”

ಅದು ಕೊಯ್ನಾ ಭೂಕಂಪ, ಅರವತ್ತೇಳರ ಡಿಸೆಂಬರ್ ಎಂದ ಮಾಸ್ತರು ಮುಂದಿನ ಜನವರಿಯ ಕಟ್ಟು ಇಳಿಸಿದರು. ಮೊದಲ ಸಂಚಿಕೆಯ ಕೊನೆಯ ಪುಟದ ಮೂಲೆಯಲ್ಲಿ ಒಂದು ಪೊಲೀಸ್ ಪ್ರಕಟಣೆ ಇತ್ತು.

“ಯಮಕನಮರಡಿ ಹತ್ತಿರ ಹೆದ್ದಾರಿಯ ಬದಿಗೆ, ವಾಹನ ಬಡಿದು ಮೃತನಾದ ಅಪರಿಚಿತ. ವಯಸ್ಸು ಸುಮಾರು ಇಪ್ಪತ್ತೈದು. ಕರಿ ಕಂಬಳಿ, ಒಂದು ಅಂಚಿಗೆ ಮೂರು ಬಿಳಿ ಗೆರೆ. ಕಂಬಳಿಯ ತುದಿಗೆ ಗಂಟು ಕಟ್ಟಿದ ಹಸುಗೂಸಿನ ಬೆಳ್ಳಿ ಕಡಗ ಒಂದು ಜೊತೆ. ವಾರಸುದಾರರು ಬಾರದ್ದರಿಂದ ಶವ ಹೂಳಲಾಗಿದೆ. ಗುರುತು ಬಲ್ಲವರು ಹುಕ್ಕೇರಿ ಠಾಣೆಗೆ ತಿಳಿಸುವುದು.”

ಕುರಿಗಾರರ ಬೀಡಿನಲ್ಲಿ ಅದಲುಬದಲಾಗಬಾರದೆಂದು ದುಂಡವ್ವ ತನ್ನ ಮನೆಯ ಕಂಬಳಿಗೆ ತಾನೇ ನೂತ ಬಿಳಿ ಉಣ್ಣೆಯ ಮೂರು ಗೆರೆ ಹಾಕಿಸುತ್ತಿದ್ದಳು. ಸತ್ತೆಪ್ಪ ಹೊದ್ದು ಬೆಳೆದದ್ದೂ ಅಂಥದ್ದನ್ನೇ. ಅಪ್ಪ ಓಡಿಹೋಗಿರಲಿಲ್ಲ. ಮಗನನ್ನು ನೋಡುವ ಆತುರಕ್ಕೆ ಹಿಂಡು ಬಿಟ್ಟು, ಬೇಗ ಮುಟ್ಟುವ ದಾರಿ ಹಿಡಿದಿದ್ದ. ಇಂಥವನನ್ನು ಜೀವಮಾನವಿಡೀ ಮನಸ್ಸಿನಲ್ಲೇ ಬೈದೆನಲ್ಲ ಎಂದು ಸತ್ತೆಪ್ಪ ಹಲುಬಿದ.

ಆದರೆ ಇದನ್ನು ಹೇಳುವುದೆಂದರೆ ಅವ್ವನ ಕುಂಕುಮವನ್ನು ಮಗನೇ ಅಳಿಸಿದಂತೆ. ಪ್ರಕಟಣೆಯ ಝೆರಾಕ್ಸ್ ಮೂರು ದಿನ ಟಿಕೆಟ್ ಚೀಲದಲ್ಲೇ ಉಳಿಯಿತು. ನಾಲ್ಕನೆಯ ದಿನ ಅವನು ರೊಟ್ಟಿ ಮುಟ್ಟದೆ ಎದ್ದಾಗ ದುಂಡವ್ವ, “ಏನ ತಂದೀ, ಹೇಳಿಬಿಡು,” ಎಂದಳು. ಅವನು ಓದಿದ.

ದುಂಡವ್ವ ಅಳಲಿಲ್ಲ. “ಬೆಳ್ಳೀದು ಇನ್ನೊಮ್ಮೆ ಓದು.”

ಮತ್ತೆ ಓದಿದ.

“ಹಂಗಾರ ಸುದ್ದಿ ಮುಟ್ಟಿತ್ತು,” ಎಂದವಳು ಸೆರಗಿನ ತುದಿಯಿಂದ ಹಣೆಯನ್ನು ಒರೆಸಿಕೊಳ್ಳತೊಡಗಿದಳು. ಸತ್ತೆಪ್ಪ ಕೂಸಿನಂತೆ ಅಳುತ್ತ ಅವಳ ಕೈ ಹಿಡಿದ. ಅವಳು ಮೆಲ್ಲಗೆ ಬಿಡಿಸಿಕೊಂಡಳು.

“ಹೆಳವಗ ಹೇಳಿ ಕಳಸು. ಹೋದವರ ಸಾಲಿಗಿ ಬರೀಲಿ. ಬರೇ ಹೋದ್ರು ಅಂತಲ್ಲ, ಮಗನ್ನ ನೋಡಾಕ ಮನಿಗಿ ಬರೂವಾಗ ಹೋದ್ರು ಅಂತ ಬರೀಲಿ. ಓಣಿ ಮಂದೀನ್ನೆಲ್ಲಾ ಕರದು ಅವರ ಮುಂದ ಜೋರಾಗಿ ಓದ್ಲಿ.”