ಹಿತ್ತಲ ಮನೆಯ ರಾಮಾಂಜಿನಮ್ಮ

ರಾಮಾಂಜಿನಮ್ಮ ಮಧುಗಿರಿಗೆ ಬಂದದ್ದು ಮಗಳು ಗಂಗಾಂಬಿಕಾಳ ಓದಿಗಾಗಿ. ಪಾವಗಡದಿಂದಲೂ ಆಚೆ ಇರುವ ಕ್ಯಾತಗಾನಚೆರ್ಲಿನಿಂದ ದಿನಾ ಕಾಲೇಜಿಗೆ ಬಂದುಹೋಗುವುದು ಆಗದ ಮಾತು. ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ. ಗಂಡ ಭೀಮರಾಜು ಕೊರಟಗೆರೆಯ ಹುಡುಗರ ಹಾಸ್ಟೆಲಿನಲ್ಲಿ ಅಡುಗೆಯವನು. ಅಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಬೇಯಿಸಿ ಬಡಿಸುತ್ತಿದ್ದವನು ಭಾನುವಾರ ಮನೆಗೆ ಬಂದರೆ ಒಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹುಡುಗಿಯ ಡಿಗ್ರಿ ಮುಗಿಯುವ ತನಕ ಈ ಬಾಡಿಗೆ ಮನೆ ಕೈಬಿಟ್ಟುಹೋಗಬಾರದು. ರಾಮಾಂಜಿನಮ್ಮನಿಗೆ ಇದ್ದದ್ದು ಅದೊಂದೇ ಆಸೆ.

ಮನೆ ಸುಲಭಕ್ಕೆ ಸಿಕ್ಕಿರಲಿಲ್ಲ. ಜಾತಿ ಯಾವುದೆಂದು ಬಾಯಿಬಿಟ್ಟು ಕೇಳುವ ಒರಟರು ಆ ಊರಲ್ಲಿ ಕಡಿಮೆ. ಮೊದಲು ಊರು ಯಾವುದು ಅನ್ನುತ್ತಾರೆ, ಆಮೇಲೆ ಮನೆದೇವರು ಯಾವುದು ಅನ್ನುತ್ತಾರೆ, ಎರಡರಲ್ಲೂ ತಿಳಿಯದಿದ್ದರೆ "ಏನ್ ಜನ ನೀವು?" ಅನ್ನುತ್ತಾರೆ. ಮಾಲೀಕ ಗಂಗಹನುಮಯ್ಯ ಮೂರನೆಯದಕ್ಕೆ ಬಂದಾಗ, ಅವಳು ಬಾಯಿ ತೆರೆಯುವ ಮೊದಲೇ ಭೀಮರಾಜು, "ನಾಯಕ್ರು ಸಾರ್. ಆಂಧ್ರದ ಗಡಿ ಕಡೆಯೋರು" ಎಂದುಬಿಟ್ಟ. ಮಾಲೀಕರ ಹಿತ್ತಲಲ್ಲಿದ್ದ ಮನೆಯ ಬೀಗದ ಕೈ ಸಿಕ್ಕಿತು. ಭೀಮರಾಜು ಕೊರಟಗೆರೆಯ ಬಸ್ಸು ಹತ್ತಿದ.

ಸುಳ್ಳು ಹೇಳಲು ಅವನಿಗೆ ಒಂದು ಉಸಿರು ಸಾಕಾಯಿತು. ಅದನ್ನು ದಿನಾ ಗುಡಿಸಿ, ಸಾರಿಸಿ, ಬೇಯಿಸಿ ಕಾಪಾಡುವ ಕೆಲಸ ಅವಳ ಪಾಲಿಗೆ ಬಂತು. ಕ್ಯಾಲೆಂಡರಿನಿಂದ ಕತ್ತರಿಸಿದ ನರಸಿಂಹಸ್ವಾಮಿಯ ಪಟಕ್ಕೆ ಶನಿವಾರ ಶನಿವಾರ ಹೂ ಮುಡಿಸಿದಳು. ಬುದ್ಧ, ಅಂಬೇಡ್ಕರರ ಪಟಗಳನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಳು. ಭಾನುವಾರ ಗಂಡ ಅವನ್ನು ತೆಗೆದು ಕೈಮುಗಿಯುವನು, ಮತ್ತೆ ಒರೆಸಿ ಒಳಗಿಡುವವಳು ಅವಳು. ಸಂಘದ ಸಭೆಗಳಲ್ಲಿ ಅವನು ಹೊದೆಯುವ ನೀಲಿ ಶಾಲನ್ನು ಒಗೆದು, ಬೀದಿಯ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ತನ್ನ ಲಂಗದಡಿ ಒಣಹಾಕುತ್ತಿದ್ದಳು. ವಳ್ಳೂರಿನಿಂದ ಅವಳ ತಾಯಿ ಬಂದರೆ, "ಕೇರಿ ಸುದ್ದಿ ಎತ್ತಬ್ಯಾಡ, ಬಾಗಿಲಲ್ಲಿ ಕೂರಬ್ಯಾಡ" ಎಂದು ಬಸ್‌ಸ್ಟ್ಯಾಂಡಿನಲ್ಲೇ ಪಾಠ ಹೇಳಿ ಕರೆತರುತ್ತಿದ್ದಳು. ಮುದುಕಿ ಒಮ್ಮೆ, "ಈ ಮನೇಲಿ ಉಸ್ರಾಡ್ಬೋದೇನೇ?" ಎಂದು ಕೇಳಿ, ಆಮೇಲೆ ಬರುವುದನ್ನೇ ಬಿಟ್ಟಳು.

ಆ ಬೀದಿ ಅಂದರೆ ಇಡೀ ಊರಿನ ಒಂದು ತುಣುಕು. ಮೇಲಿನ ತುದಿಗೆ ಶೆಟ್ಟರು, ನಡುವೆ ಕುಂಚಿಟಿಗರು, ಲಿಂಗಾಯತರು, ಎರಡು ಗೊಲ್ಲರ ಮನೆ, ತಿರುವಿನಿಂದಾಚೆ ಸಾಬರು. ಗಾರೆ ಕೆಲಸಕ್ಕೆ ಬಂದ ಬಿಹಾರದ ಹುಡುಗರು ಯಾರದೋ ಮಹಡಿಯ ಶೆಡ್ಡಿನಲ್ಲಿದ್ದರು. ಅವರ ಜಾತಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳುವಷ್ಟು ಹಿಂದಿ ಯಾರಿಗೂ ಬರುತ್ತಿರಲಿಲ್ಲ.

ಗಂಗಹನುಮಯ್ಯನ ಹೆಂಡತಿ ಲಕ್ಷ್ಮೀದೇವಿಗೆ ಸೊಂಟ ನೋವು. ಹಾಸಿಗೆ ಹಿಡಿದ ಅತ್ತೆ ಕೊಲ್ಲಾಪುರಮ್ಮನನ್ನು ಒಬ್ಬಳೇ ಮಗ್ಗುಲು ತಿರುಗಿಸಲಾಗದೆ ಒಂದು ದಿನ ಹಿತ್ತಲ ಕಡೆ ಕೂಗಿದಳು. ಅಂದಿನಿಂದ ರಾಮಾಂಜಿನಮ್ಮ ಆ ಮನೆಯ ಒಳಗಿನವಳಾದಳು. ಇಬ್ಬರೂ ಸೇರಿ ಮುದುಕಿಯ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಆಮೇಲೆ ಕೈ ತೊಳೆದು ಅಡುಗೆಮನೆಯ ಮೂಲೆಯಲ್ಲಿ ಕೂತು ಕಾಫಿ ಕುಡಿಯುವುದು.

"ನಮ್ ಯಜಮಾನ್ರಿಗೆ ಹೆತ್ ತಾಯಿ ಬೆನ್ನಲ್ಲಿ ಹುಣ್ಣು ಎಲ್ಲೈತೆ ಅಂತ್ಲೂ ಗೊತ್ತಿಲ್ಲ ಕಣೇ" ಎನ್ನುವಳು ಲಕ್ಷ್ಮೀದೇವಿ.

"ನಮ್ಮೋನು ಊರಿಗೆಲ್ಲ ಸಾರು ಮಾಡ್ತಾನೆ ಕಣಕ್ಕ, ನಮ್ಮನೆ ಉಪ್ಪಿನ ಡಬ್ಬಿ ಎಲ್ಲೈತೆ ಅಂತ ಗೊತ್ತಿಲ್ಲ" ಎನ್ನುವಳು ರಾಮಾಂಜಿನಮ್ಮ. ಇಬ್ಬರೂ ನಗುವರು.

ಜಾತಿ ಗಣತಿ ಶುರುವಾದದ್ದು ದಸರಾ ರಜೆಯಲ್ಲಿ. ಅವರ ಬೀದಿಯ ಸರದಿ ಬಂದ ದಿನ ಬೆಳಿಗ್ಗೆ ಭೀಮರಾಜು ಫೋನು ಮಾಡಿದ. "ಧರ್ಮದ ಕಡೆ ಬೌದ್ಧ ಅಂತ ಬರೆಸು. ಜಾತಿ ಕಡೆ ಮಾದಿಗ ಅಂತ್ಲೇ ಹೇಳು. ನಮ್ ಜನ ಎಷ್ಟವ್ರೆ ಅಂತ ಲೆಕ್ಕ ಬರಬೇಕು. ಹೆದರ್ಬ್ಯಾಡ."

"ಮನೆ ಹೋದ್ರೆ?"

"ಅದೇನ್ ಮಾಲೀಕರ ಮುಂದೆ ಕೇಳ್ತಾರಾ? ನೀನು ಒಸಿ ಸಂಭಾಳಿಸು."

"ನೀನೇ ಬಂದು ಸಂಭಾಳಿಸು ಮತ್ತೆ."

"ಡ್ಯೂಟಿ ಐತೆ ಕಣೇ. ಇವತ್ತು ಸಂಘದೋರು ಬೇರೆ ಬಂದವ್ರೆ" ಎಂದು ಇಟ್ಟುಬಿಟ್ಟ.

ಅವಳೂ ಲೆಕ್ಕ ಹಾಕಿದ್ದಳು. ನಾಯಕರೆಂದರೆ ಮನೆ ಉಳಿಯುತ್ತದೆ, ಆದರೆ ಮಗಳ ಸರ್ಟಿಫಿಕೇಟಿನಲ್ಲಿರುವುದು ಬೇರೆ, ನಾಳೆ ಅವಳಿಗೇ ತೊಡಕು. ನಿಜ ಹೇಳಿದರೆ ಮನೆಯೇ ಇಲ್ಲ. ಗಣತಿಯವರು ಹಿತ್ತಲಿಗೆ ಬಂದಾಗ ಬಾಗಿಲು ಮುಂದೆ ಮಾಡಿ ಮೆಲ್ಲಗೆ ನಿಜ ಹೇಳುವುದೆಂದು ತೀರ್ಮಾನಿಸಿದಳು.

ಗಣತಿಗೆ ಬಂದವರು ಸ್ಕೂಲ್ ಮೇಡಂ ರಾಧಾಮಣಿ. ಬಿಸಿಲಲ್ಲಿ ಬಾಡಿದ್ದರು. ಹಿತ್ತಲ ಮನೆಯಲ್ಲಿ ಮೊಬೈಲು ಎಷ್ಟು ಎತ್ತಿಹಿಡಿದರೂ ನೆಟ್‌ವರ್ಕ್ ಬರಲಿಲ್ಲ. "ಮುಂದಿನ ಜಗಲಿ ಮೇಲೆ ಬರುತ್ತೆ, ಅಲ್ಲಿಗೇ ಬಾರಮ್ಮ. ಮನೇಲಿ ಮಗೂಗೆ ಜ್ವರ, ಬಿಟ್ಟು ಬಂದಿದ್ದೀನಿ" ಎಂದರು. ಜಗಲಿ ಅಂದರೆ ಮಾಲೀಕರ ಕಣ್ಣೆದುರು, ಆದರೂ ರಾಮಾಂಜಿನಮ್ಮ ಹೋದಳು.

ಜಗಲಿಯ ಮೇಲೆ ಮೊದಲು ಗಂಗಹನುಮಯ್ಯನವರ ಮನೆಯದು ನಡೆಯಿತು. ಹೆಂಡತಿಗೆ ಏನು ಕೆಲಸ ಎಂದು ಮೇಡಂ ಕೇಳಿದರು. "ಕೆಲ್ಸ ಏನಿಲ್ಲ ಬುಡಿ, ಮನೇಲೇ ಇರ್ತಾಳೆ" ಎಂದ ಗಂಗಹನುಮಯ್ಯ. ಆಗತಾನೆ ಅತ್ತೆಯ ಹೊಲಸು ಬಟ್ಟೆ ನೆನೆಹಾಕಿ ಬಂದು ಸೆರಗಿಗೆ ಕೈ ಒರೆಸುತ್ತಿದ್ದ ಲಕ್ಷ್ಮೀದೇವಿ ರಾಮಾಂಜಿನಮ್ಮನ ಕಡೆ ನೋಡಿ ತುಟಿ ಓರೆ ಮಾಡಿದಳು.

ಆಮೇಲೆ ಇವಳ ಸರದಿ. "ಧರ್ಮ?"

"ನಮ್ಮೆಜಮಾನ್ರು ಭಾನುವಾರ ಬತ್ತಾರೆ ಮೇಡಂ. ಅವರ್ನೇ ಕೇಳಿ ಬರ್ಕೊಳ್ಳಿ."

"ಅಲ್ಲೀತನಕ ಇಡೋಕಾಗಲ್ಲಮ್ಮ. ಹೆಂಗೂ ಓಟಿಪಿ ಅವರ ಫೋನಿಗೇ ಹೋಗೋದು. ನಂಬರ್ ಹೇಳು."

ಮೇಡಂ ತಮ್ಮ ಮೊಬೈಲಿನಿಂದಲೇ ಕರೆ ಮಾಡಿದರು. ಹೇಳಿದ ಅಂಕಿಯನ್ನು ಅದೇ ಮೊಬೈಲಿನಲ್ಲಿ ಒತ್ತಬೇಕಾದ್ದರಿಂದ ಸ್ಪೀಕರ್ ಹಾಕಿದರು. ಆ ಕಡೆ ಹತ್ತಾರು ಜನರ ಗದ್ದಲ ಕೇಳಿಸುತ್ತಿತ್ತು. ಭೀಮರಾಜು ಅಂಕಿ ಹೇಳಿದ. ಮೇಡಂ ಕರೆ ಮುಗಿಸುವಷ್ಟರಲ್ಲಿ, ಸುತ್ತಲಿದ್ದವರಿಗೂ ಕೇಳಲೆಂಬ ದೊಡ್ಡ ದನಿಯಲ್ಲಿ ಮುಂದುವರಿಸಿದ: "ಮೇಡಂ, ನಮ್ ಮನೆಯವಳು ಹೆದರ್ಕಂತಾಳೆ, ನಾನೇ ಹೇಳ್ತೀನಿ. ಧರ್ಮ ಬೌದ್ಧ. ಜಾತಿ ಮಾದಿಗ. ಯಾವ ಮುಚ್ಚುಮರೆನೂ ಇಲ್ಲ, ಬರ್ಕೊಳ್ಳಿ. ಜೈ ಭೀಮ್!" ಅಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಇಲ್ಲಿ ಜಗಲಿಯ ಮೇಲೆ ಗಂಗಹನುಮಯ್ಯ ತಿರುಗಿ ರಾಮಾಂಜಿನಮ್ಮನ ಮುಖ ನೋಡಿದ. ಮೇಡಂಗೆ ಅರ್ಥವಾಯಿತು. ತಲೆ ತಗ್ಗಿಸಿ ಉಳಿದ ಪ್ರಶ್ನೆಗಳನ್ನು ಪಿಸುದನಿಯಲ್ಲಿ ಕೇಳಿ ಮುಗಿಸಿದರು. ಇನ್ನು ಪಿಸುಗುಟ್ಟಿ ಪ್ರಯೋಜನವೇನು?

ಅವರು ಗೇಟು ದಾಟಿದ ಮೇಲೆ ಗಂಗಹನುಮಯ್ಯ ಮೆತ್ತಗೆ ಹೇಳಿದ: "ನಾವೇನ್ ಜಾತಿ ನೋಡೋ ಜನ ಅಲ್ಲ ಕಣಮ್ಮ. ಸುಳ್ ಹೇಳಿದ್ರಲ್ಲ, ಅದು ತಪ್ಪು. ಮಗನ ಮದ್ವೆ ಮಾಡ್ಬೇಕು, ಹಿತ್ಲ ಮನೆ ನಮ್ಗೇ ಬೇಕು. ತಿಂಗ್ಳ ಕೊನೆಗೆ ಖಾಲಿ ಮಾಡ್ಬುಡಿ."

"ಸಾರ್, ಹುಡ್ಗೀದು ಕೊನೇ ವರ್ಷ..."

ಅವನು ಎದ್ದು ಹೋದ. ಲಕ್ಷ್ಮೀದೇವಿ ಕಂಬ ಹಿಡಿದು ನಿಂತಿದ್ದಳು. "ಅಡುಗೆಮನೆ ತಂಕ ಬುಟ್ಕಂಡಿದ್ನಲ್ಲೇ ನಿನ್ನ..." ಎಂದಳು. ಅದರಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು.

ಮಧ್ಯಾಹ್ನ ಹಿತ್ತಲಿನ ನಲ್ಲಿಯ ಬಳಿ ಲಕ್ಷ್ಮೀದೇವಿ ಅಡುಗೆಮನೆಯ ಅಷ್ಟೂ ಪಾತ್ರೆ ಹೊತ್ತು ತಂದು ಹಾಕಿದಳು. ಗಂಡ ಹೇಳಿದ್ದು, ಮಾಡುವವಳು ಅವಳು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಕಾಫಿ ಲೋಟಗಳನ್ನು ಎರಡು ಸಲ ತಿಕ್ಕಿದಳು. ಮುದುಕಿಯ ಹೊದಿಕೆಗಳನ್ನೂ ನೆನೆಹಾಕಿದಳು. ನೀರು ಹೀರಿದ ಕಂಬಳಿ ಎತ್ತಲಾಗದೆ ಸೊಂಟ ಹಿಡಿದು ಕೂತಳು. ಕಿಟಕಿಯಿಂದ ನೋಡುತ್ತಿದ್ದ ರಾಮಾಂಜಿನಮ್ಮ ತನಗೆ ತಿಳಿಯದಂತೆಯೇ ಎರಡು ಹೆಜ್ಜೆ ಬಾಗಿಲತ್ತ ಹೋಗಿ ನಿಂತಳು. ತಾನು ಮುಟ್ಟಿದರೆ ಪಾಪ ಅವಳು ಮತ್ತೊಮ್ಮೆ ಒಗೆಯಬೇಕು. ಮುಂದಿನ ಮನೆಯೊಳಗಿನಿಂದ ಕೊಲ್ಲಾಪುರಮ್ಮ, "ರಾಮಾಂಜೀ, ಬಾರೇ, ಮಗ್ಗುಲು ತಿರುಗ್ಸು ಬಾರೇ" ಎಂದು ಕೂಗುತ್ತಲೇ ಇದ್ದಳು. ಇಬ್ಬರಿಗೂ ಕೇಳುತ್ತಿತ್ತು.

ಭಾನುವಾರ ಭೀಮರಾಜು ಬಂದ. "ಹೋಗ್ಲಿ ಬುಡು, ಇನ್ ಮ್ಯಾಲೆ ಸುಳ್ಳು ಬ್ಯಾಡ. ನಿಜ ಹೇಳಿಯೇ ಬೇರೆ ಮನೆ ಹುಡುಕು" ಎಂದು ಊಟ ಮಾಡಿ ಹೊರಟ. ಹುಡುಕುವವಳು ಅವಳೇ. ನಿಜ ಹೇಳಿಯೇ ಹುಡುಕಿದಳು. 'ಮನೆ ಬಾಡಿಗೆಗೆ ಇದೆ' ಎಂದು ಬೋರ್ಡು ತೂಗುತ್ತಿದ್ದ ಗೇಟುಗಳಲ್ಲೇ, ನೆನ್ನೆ ತಾನೆ ಯಾರೋ ಮಾತಾಡಿಹೋದರು ಕಣಮ್ಮ ಎಂದರು. ತಿರುವಿನಾಚೆಯ ಸಾಬರ ಮನೆಯಾಕೆ ಒಳಗೆ ಕೂರಿಸಿ ನೀರು ಕೊಟ್ಟು, "ಬೇಜಾರ್ ಮಾಡ್ಕೋಬ್ಯಾಡ ಬೆಹೆನ್, ಇರೋದೊಂದ್ ರೂಮಿಗೆ ಮಗಳು ಬಾಣಂತನಕ್ಕೆ ಬತ್ತಾಳೆ" ಎಂದಳು. ನಿಜವೇ ಇರಬಹುದು. ನಿಜ ಯಾವುದು, ನೆಪ ಯಾವುದು ಎಂದು ವಿಂಗಡಿಸುವ ಶಕ್ತಿ ಅಷ್ಟು ಹೊತ್ತಿಗೆ ಅವಳಲ್ಲಿ ಉಳಿದಿರಲಿಲ್ಲ.

ತಿಂಗಳ ಕೊನೆಗೆ ಸಾಮಾನು ಕ್ಯಾತಗಾನಚೆರ್ಲಿಗೆ ಹೋಯಿತು. ಗಂಗಾಂಬಿಕಾ ಕತ್ತಲಲ್ಲೇ ಎದ್ದು ಎರಡು ಬಸ್ಸು ಬದಲಿಸಿ ಕಾಲೇಜಿಗೆ ಹೋಗುತ್ತಿದ್ದಳು. ಅವಳಿಗಿಂತ ಮೊದಲು ಎದ್ದು ರಾಮಾಂಜಿನಮ್ಮ ಬುತ್ತಿ ಕಟ್ಟುತ್ತಿದ್ದಳು. ಬಸ್ಸು ಕೆಟ್ಟ ದಿನಗಳಲ್ಲಿ ಮೊದಲ ತರಗತಿಗಳು ತಪ್ಪುತ್ತಿದ್ದವು. ಹಾಜರಿ ಕಡಿಮೆಯಾಗಿದೆ, ಪರೀಕ್ಷೆಗೆ ಕೂರಿಸುವುದು ಕಷ್ಟ ಎಂದು ಕಾಲೇಜಿನಲ್ಲಿ ಹೇಳಿದರಂತೆ. ಹುಡುಗಿ ಮಾತು ಕಮ್ಮಿ ಮಾಡಿದಳು.

ಒಂದು ಬೆಳಿಗ್ಗೆ ಅಂಗಳದಲ್ಲಿ ಕಸ ಗುಡಿಸುವ ಸದ್ದಾಯಿತು. ರಾಮಾಂಜಿನಮ್ಮ ಒಲೆ ಬಿಟ್ಟು ಹೊರಗೆ ಬಂದಳು. ಮಗಳು ನಿನ್ನೆಯ ಜಡೆಯಲ್ಲೇ, ಹಳೇ ನೈಟಿಯಲ್ಲಿ ಗುಡಿಸುತ್ತಿದ್ದಳು.

"ಪೊರಕೆ ಕೊಡೇ ಇಲ್ಲಿ. ಬಸ್ಸು ಬರೋ ಹೊತ್ತು."

"ಪೋನೀಲೇ ಅಮ್ಮ, ಹೋಗ್ಲಿ ಬುಡು. ಇನ್ ಮ್ಯಾಲೆ ನಾನ್ ಮಾಡ್ತೀನಿ. ನೀನು ಒಸಿ ಮಲಿಕ್ಕೋ ಹೋಗು."

ಮಲಗು ಎಂದು ಅವಳಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ರಾಮಾಂಜಿನಮ್ಮ ಪೊರಕೆ ಹಿಡಿದು ಎಳೆದಳು. ಮಗಳು ಬಿಡಲಿಲ್ಲ. ಇವಳೂ ಬಿಡಲಿಲ್ಲ. ಬಸ್ಸು ಬಂತು. ಕಂಡಕ್ಟರಿಗೆ ಹುಡುಗಿಯ ಗುರುತಿತ್ತು, ಎರಡು ಸಲ ಹಾರನ್ ಹೊಡೆಸಿದ. ಸ್ವಲ್ಪ ಹೊತ್ತು ನಿಂತು ಬಸ್ಸು ಹೊರಟುಹೋಯಿತು.