ಅತ್ತೆಯ ಕಿವಿ ಮತ್ತು ಮುನ್ನೂರು ಓಮ್

ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾದ ಅಂಕಿಗಳಿಗಿಂತ ನನ್ನ ಕೈಬರಹವೇ ಹೆಚ್ಚು. ಹಾಲಿನವ ಬಾರದ ದಿನಕ್ಕೊಂದು ಸೊನ್ನೆ, ಹೊಸ ಸಿಲಿಂಡರ್ ಹಚ್ಚಿದ ದಿನಕ್ಕೊಂದು ‘ಗ್ಯಾ’, ಮೊಸರು ಹುಳಿಯಾದದ್ದು, ನೀರಿನ ಟಾಕಿ ತೊಳೆಸಿದ್ದು, ಅತ್ತೆಯ ಬಿ.ಪಿ. ಗುಳಿಗೆ ಮುಗಿದದ್ದು, ಹೀಗೆ ಒಂದೊಂದು ಚೌಕವೂ ಒಂದೊಂದು ಕಿರುಶಾಸನ. ದಾರಕ್ಕೆ ಕಟ್ಟಿದ ಪೆನ್ಸಿಲು ಪಕ್ಕದಲ್ಲೇ ತೂಗುತ್ತಿರುತ್ತದೆ. ನಮ್ಮವರು ಇದನ್ನು ‘ಸುವರ್ಣಾನ ಗೆಜೆಟ್’ ಎಂದು ನಗುತ್ತಾರೆ. ಸಿಲಿಂಡರ್ ಯಾವಾಗ ಹಚ್ಚಿದ್ದೆಂಬ ಪ್ರಶ್ನೆ ಬಂದಾಗ ಮಾತ್ರ ತಾವೇ ಕನ್ನಡಕ ಏರಿಸಿಕೊಂಡು ಅದರೆದುರು ವಿನೀತರಾಗಿ ನಿಲ್ಲುತ್ತಾರೆ. ಬರೆದಿಟ್ಟದ್ದು ಸುಳ್ಳಾಗದೆಂಬ ನನ್ನ ನಂಬಿಕೆಗೆ ನನ್ನ ಐವತ್ತೆರಡರ ವಯಸ್ಸಿನವರೆಗೆ ಯಾವ ಭಂಗವೂ ಬಂದಿರಲಿಲ್ಲ. ಬಂದದ್ದು ಈ ವರ್ಷ, ಬೆಂಕಿಪೊಟ್ಟಣದಷ್ಟಿರುವ ಒಂದು ಡಬ್ಬಿಯಿಂದ.

ಆ ಡಬ್ಬಿ ಅತ್ತೆಯವರದು. ಬೀದರ್ ಕಡೆಯಿಂದ ನಾಸಿಕಕ್ಕೆ ಬಂದು ನಲವತ್ತು ವರ್ಷವಾದರೂ ಅವರ ಬೆಳಗು ಇನ್ನೂ ಕನ್ನಡದಲ್ಲೇ ಆಗುತ್ತದೆ. ಲಿಂಗಪೂಜೆ ಮುಗಿಸಿ, ತಮ್ಮ ಮಠದ ಸ್ವಾಮಿಗಳ ಪ್ರವಚನವನ್ನು ಒಂದು ತಾಸು ಕೇಳದೆ ಅವರು ನೀರನ್ನೂ ಬಾಯಿಗೆ ಹಾಕುವವರಲ್ಲ. ಮೊಬೈಲಿನಲ್ಲಿ ಕೇಳಿರೆಂದರೆ, “ಅಪ್ಪೋರು ಮಾತಾಡ್ಲಾಕ್ಹತ್ತಿದಾಗ ನಡುವ ಯಾರೋ ಹುಡುಗಿ ಬಂದು ಲೋನ್ ಬೇಕೇನ್ರೀ ಅಂತಾಳ, ನನಗ ಬ್ಯಾಡವಾ” ಎಂದು ತಳ್ಳಿಹಾಕಿದ್ದರು. ಆದ್ದರಿಂದ ನಮ್ಮವರು ಮೇನ್ ರೋಡಿನಿಂದ ಒಂದು ಪುಟ್ಟ ಡಿಜಿಟಲ್ ಪ್ಲೇಯರ್ ತಂದು ಅದರ ತುಂಬ ಪ್ರವಚನ ಹಾಕಿಸಿಕೊಟ್ಟರು. ತಿಂಗಳಿಗೊಮ್ಮೆ ಅತ್ತೆ ಛತ್ರಪತಿ ಸಂಭಾಜಿನಗರದ ಮಗಳ ಮನೆಗೆ ಒಬ್ಬರೇ ರೈಲಿನಲ್ಲಿ ಹೋಗುವಾಗಲೂ ಅದು ಸೊಂಟದ ಚೀಲದಲ್ಲಿ ಜೊತೆಗಿರುತ್ತಿತ್ತು. ಆ ಪ್ರಯಾಣದ ಬಗ್ಗೆ ಅವರು ಒಮ್ಮೆ ಹೇಳಿದ್ದು ನನಗಿನ್ನೂ ನೆನಪಿದೆ: “ಆ ನಾಕು ತಾಸು ನಾ ಯಾರ ಅವ್ವನೂ ಅಲ್ಲ, ಯಾರ ಅತ್ತಿನೂ ಅಲ್ಲ ನೋಡು. ಕಿಡಕಿ ಕಡೆ ಕುಂತಾಕಿ, ಅಷ್ಟೇ.”

ಅವರಿಗಿದ್ದ ತಕರಾರು ಒಂದೇ. ಡಬ್ಬಿಯ ಜೊತೆ ಬಂದ ಗುಂಡಿಯಂಥ ಇಯರ್‌ಫೋನು ಕಿವಿಯಲ್ಲಿ ನಿಲ್ಲದೆ ಜಾರಿ ಬೀಳುತ್ತಿತ್ತು. ಈ ಸುದ್ದಿ ಸಂಭಾಜಿನಗರ ತಲುಪಿದ್ದೇ ತಡ, ನಾದಿನಿಯ ಗಂಡ ರಾಜಶೇಖರ ಅಣ್ಣನವರು ತಮ್ಮದೇ ಒಂದು ಭಾರೀ ಹೆಡ್‌ಫೋನನ್ನು ಕಳಿಸಿಕೊಟ್ಟರು. ಧ್ವನಿಶುದ್ಧಿಯ ವಿಷಯದಲ್ಲಿ ಅವರು ವ್ರತಸ್ಥರು. ಅವರ ಮನೆಯ ಕಪಾಟಿನಲ್ಲಿ ಬಟ್ಟೆಗಿಂತ ವೈರುಗಳು ಹೆಚ್ಚು. ಎರಡು ಬಟ್ಟಲುಗಳನ್ನು ಕಿವಿಗೆ ಕವಿಚಿಕೊಂಡು ಕುಳಿತ ಅತ್ತೆ ವಿಮಾನ ಹಾರಿಸಲು ಹೊರಟವರಂತೆ ಕಂಡರು. ಸ್ವಲ್ಪ ಹೊತ್ತಿಗೆ, “ಇದರಾಗ ಆವಾಜೇ ಇಲ್ಲ” ಎಂದರು.

ಇಲ್ಲಿಂದ ನನ್ನ ಪೆನ್ಸಿಲಿನ ಪಾಪ ಶುರು. ಡಬ್ಬಿಯ ಪರದೆಯ ಮೇಲೆ ಧ್ವನಿಯ ಅಂಕಿ ಮೂಡುತ್ತದೆ, ಗರಿಷ್ಠವೆಂದರೆ ಅರವತ್ತು. ಹಿಂದೆಲ್ಲ ಅತ್ತೆಯದು ಇಪ್ಪತ್ತೆರಡು. ಈಗ ಹಾಲಿನ ಲೋಟ ಇಡಲು ಹೋದಾಗ ಬಗ್ಗಿ ನೋಡಿದರೆ ನಲವತ್ತೆಂಟು. ಮರುದಿನ ಐವತ್ತೈದು. ಮೂರನೆಯ ದಿನ ಅರವತ್ತು, ಅಲ್ಲಿಂದಾಚೆಗೆ ಜಾಗವೇ ಇಲ್ಲ. ಚೌಕಗಳಲ್ಲಿ ಬರೆಯುತ್ತಾ ಹೋದೆ: ‘ಅ. 48’, ‘ಅ. 55’, ‘ಅ. 60’. ಅನುಮಾನ ಒಮ್ಮೆ ಮನೆಹೊಕ್ಕಿತೆಂದರೆ ಅದಕ್ಕೆ ಸಾಕ್ಷಿಗಳ ಬರವಿಲ್ಲ. ಬೇಡದ ಮಾತಿಗೆ ಉತ್ತರ ಕೊಡದಿರುವುದು ಅತ್ತೆಯ ಹುಟ್ಟುಗುಣ. ನಾನು ಸೊಸೆಯಾಗಿ ಬಂದ ದಿನದಿಂದ ಕಂಡಿದ್ದೇನೆ. ಆದರೆ ಈಗ ಅದೂ ಲಕ್ಷಣವಾಗಿ ಕಂಡಿತು. ‘ಎರಡು ಸಲ ಕರೆದೆ’, ‘ಮೂರು ಸಲ ಕರೆದೆ’ ಎಂದು ಅದಕ್ಕೂ ಚೌಕ ಸಿಕ್ಕಿತು.

ಎರಡು ವಾರದ ನಂತರ ನಮ್ಮವರು ಗೆಜೆಟ್ ಓದಿ ತೀರ್ಪು ಕೊಟ್ಟರು. ಅವ್ವನ ಕಿವಿ ಮಂದವಾಗಿದೆ, ಇನ್ನು ಒಬ್ಬಳೇ ರೈಲು ಹತ್ತುವಂತಿಲ್ಲ. “ಸ್ಟೇಷನ್ ಹೆಸರು ಕೂಗಿದ್ದು ಕೇಳಿಸದೆ ನಡುವ ಮನಮಾಡ ಸ್ಟೇಷನ್ನಾಗೇ ಇಳದ್ರ ಯಾರ ಹುಡುಕಲಾಕ ಹೋಗೋರು?” ಎಂದರು. ಕಿವಿ ಡಾಕ್ಟರ ಅಪಾಯಿಂಟ್‌ಮೆಂಟೂ ಆಯಿತು. ಅಂದಿನಿಂದ ಮನೆಮಂದಿಯೆಲ್ಲ ಅತ್ತೆಯೊಡನೆ ಬೆಟ್ಟದ ಆಚೆ ನಿಂತವರೊಡನೆ ಮಾತಾಡುವಂತೆ ಮಾತಾಡತೊಡಗಿದೆವು. ಅತ್ತೆ ಪ್ರಯಾಣಕ್ಕೆಂದು ತೆಗೆದಿಟ್ಟಿದ್ದ ನೀಲಿ ಚೀಲವನ್ನು ಝಾಡಿಸಿ, ಮಡಚಿ, ಕಪಾಟಿನ ಮೇಲಿಟ್ಟುಬಿಟ್ಟರು.

ನೀವು ಕೇಳಬಹುದು, ಆ ಹೆಡ್‌ಫೋನನ್ನು ಬೇರೆ ಯಾರೂ ಹಾಕಿಕೊಂಡು ನೋಡಲಿಲ್ಲವೇ ಎಂದು. ಇಲ್ಲ. ಅದೂ ಡಬ್ಬಿಯೂ ಇರುವುದು ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕ. ಅತ್ತೆಯ ಪೂಜೆಯ ಸಾಮಾನನ್ನು ನಮ್ಮಲ್ಲಿ ಇನ್ನೊಬ್ಬರು ಮುಟ್ಟುವುದಿಲ್ಲ. ನೋಡಿ ಬರೆದುಕೊಳ್ಳಲು ಮಡಿಯ ಅಡ್ಡಿಯಿಲ್ಲ, ಕೇಳಿ ನೋಡಲು ಮಾತ್ರ ಅಡ್ಡಿ. ಮೂರನೆಯ ವಾರ ಅತ್ತೆ ಮೊಣಕಾಲು ನೋವೆಂದು ಜಗಲಿ ಒರೆಸುವ ಕೆಲಸವನ್ನು ನನಗೊಪ್ಪಿಸಿದರು. ಸ್ನಾನ ಮಾಡಿ ಒರೆಸುತ್ತಿದ್ದವಳು, ಏನೆನ್ನಿಸಿತೋ, ಬಟ್ಟಲುಗಳನ್ನು ಕಿವಿಗಿಟ್ಟು ಗುಂಡಿ ಒತ್ತಿದೆ. ಅಂಕಿ ಅರವತ್ತರಲ್ಲೇ ಇತ್ತು. ಸ್ವಾಮಿಗಳು ಪಕ್ಕದ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ, ಕದ ಹಾಕಿಕೊಂಡು, ಯಾರಿಗೂ ತಿಳಿಯಬಾರದೆಂಬಂತೆ ಬೋಧಿಸುತ್ತಿದ್ದರು.

ತಕ್ಷಣ ಅಣ್ಣನವರಿಗೆ ಫೋನು ಮಾಡಿದೆ.

“ಹೌದ್ರೀ ವೈನಿ, ಅದು ತೀನ್‌ಶೇ ಓಮ್‌ದು, ಮುನ್ನೂರು ಓಮ್ ತಡಿ ಅದ. ನಿಮ್ಮ ಪ್ಲೇಯರಿನ್ಯಾಗ ವೋಲ್ಟೇಜ್ ಸಾಲಲ್ಲ” ಎಂದರು, ಹವಾಮಾನ ಹೇಳುವಷ್ಟು ಸಲೀಸಾಗಿ.

“ಚಾರ್ಜ್ ಫುಲ್ ಅದರಿ ಅಣ್ಣಾರ!”

“ಚಾರ್ಜ್ ಬ್ಯಾರೆ, ವೋಲ್ಟೇಜ್ ಬ್ಯಾರೆ, ಕರೆಂಟ್ ಬ್ಯಾರೆ ರೀ.”

ಮುಂದಿನ ನಲವತ್ತು ನಿಮಿಷ, ಒಲೆಯ ಮೇಲಿನ ಬೇಳೆ ತಳ ಹಿಡಿಯುವವರೆಗೆ, ಈ ಮೂರರ ಭೇದವನ್ನು ಅವರು ದ್ವೈತ ಬೋಧಿಸುವವರ ನಿಷ್ಠೆಯಿಂದ ವಿವರಿಸಿದರು. ಕರೆಂಟ್ ಎಂದರೆ ಬರುವುದು ಅಥವಾ ಹೋಗುವುದು ಎಂದಷ್ಟೇ ತಿಳಿದಿದ್ದ ನನಗೆ ಅದು ಬಂದರೂ ಸಾಲದಿರಬಹುದೆಂದು ಗೊತ್ತಾದದ್ದು ಆಗಲೇ. ಹಾಗಾದರೆ ಇಷ್ಟೆಲ್ಲ ತಿಳಿದೂ ಇದನ್ನೇಕೆ ಕಳಿಸಿದಿರಿ ಎಂದು ಕೇಳುವ ಮಾತು ನಾಲಗೆಯ ತುದಿಗೆ ಬಂದಿತ್ತು, ಬೀಗರೆಂದು ನುಂಗಿಕೊಂಡೆ.

ತಪ್ಪು ತಿದ್ದಲು ಅವರು ವಾರದೊಳಗೆ ಮತ್ತೊಂದು ಹೆಡ್‌ಫೋನು ಕಳಿಸಿದರು. ಇದು ಬರೀ ಹದಿನೆಂಟು ಓಮ್. ಇದರಲ್ಲಿ ಸ್ವಾಮಿಗಳು ಮನೆಯೊಳಗೇ ಬಂದರು, ನಿಜ. ಆದರೆ ಅವರು ಆವೇಶದಿಂದ ದನಿಯೆತ್ತಿದಾಗಲೆಲ್ಲ ಧ್ವನಿ ಹಳೆಯ ಧೋತರದಂತೆ ಪರ್ರೆಂದು ಹರಿಯುತ್ತಿತ್ತು. ವಾರಗಟ್ಟಲೆ ಬರುತ್ತಿದ್ದ ಬ್ಯಾಟರಿ ಮಧ್ಯಾಹ್ನದೊಳಗೆ ಕಣ್ಣುಮುಚ್ಚಿತು. “ಅದು ಕರೆಂಟ್ ಭಾಳ ಕುಡಿತದರಿ ವೈನಿ” ಎಂದರು ಅಣ್ಣನವರು, ಅದರ ದುಶ್ಚಟವನ್ನು ಕ್ಷಮಿಸಬೇಕೆಂಬ ಧಾಟಿಯಲ್ಲಿ.

ಕೊನೆಗೆ ನನಗಿದು ಅರ್ಥವಾದದ್ದು ಬಚ್ಚಲಲ್ಲಿ. ನಮ್ಮದು ನಾಲ್ಕನೆಯ ಮಹಡಿ, ಟಾಕಿ ತಲೆಯ ಮೇಲೇ ಇದೆ. ನೀರಿಗೆ ಕೊರತೆಯಿಲ್ಲ, ದಪ್ಪ ನಳದಲ್ಲಿ ಧಾರಾಳ ಬರುತ್ತದೆ. ಆದರೆ ಎತ್ತರ ಸಾಲದ್ದರಿಂದ ರಭಸವಿಲ್ಲ, ಶವರಿನ ಸಣ್ಣ ರಂಧ್ರಗಳಿಂದ ಅದು ನೂಕಿಕೊಂಡು ಹೊರಬರಲಾರದು. ಆ ಎತ್ತರವೇ ವೋಲ್ಟೇಜು, ಆ ರಂಧ್ರಗಳ ಬಿಗುಪೇ ಮುನ್ನೂರು ಓಮು. ನಾದಿನಿಯ ಮನೆಯ ಕಥೆ ಇದರ ವಿಲೋಮ. ಅವರ ಓಣಿಗೆ ನೀರು ಬರುವುದೇ ಎಷ್ಟೋ ದಿನಕ್ಕೊಮ್ಮೆ. ಬಂದ ಮೊದಲ ನಿಮಿಷ ರಭಸಕ್ಕೆ ಬಕೆಟ್ಟು ಕುಣಿಯುತ್ತದೆ. ಓಣಿಯವರೆಲ್ಲ ನಳ ತೆರೆದು ಮೋಟಾರು ಹಚ್ಚಿದರೆ ಕೆಮ್ಮಿ, ಕ್ಯಾಕರಿಸಿ ನಿಲ್ಲುತ್ತದೆ. ಕುಡಿಯುವ ಬಾಯಿ ಹೆಚ್ಚಾದಾಗ ಹರಿವು ಸೋಲುವ ಆ ಸ್ಥಿತಿಯೇ ಕರೆಂಟಿನ ಕೊರತೆ, ಹದಿನೆಂಟು ಓಮಿನ ಕಥೆ. ಎರಡೂ ಊರಿನ ಬಕೆಟ್ಟು ಹಿಡಿದು ನಿಂತವಳಿಗೆ ಇದನ್ನು ಬೇರೆಯವರು ಬೋಧಿಸಬೇಕಾಗಿರಲಿಲ್ಲ. ಪಾಪದ ಡಬ್ಬಿಗೆ ನೂಕುವ ಬಲವೂ ಕಡಿಮೆ, ತುಂಬಿಕೊಡುವ ಬಲವೂ ಕಡಿಮೆ. ಅದರ ಯೋಗ್ಯತೆಗೆ ತಕ್ಕ ಜೋಡಿ ಆ ಜಾರುವ ಗುಂಡಿಗಳೇ.

ಇನ್ನು ಉಳಿದದ್ದು ತಪ್ಪೊಪ್ಪಿಗೆ. ಅತ್ತೆ ಬಾಲ್ಕನಿಯಲ್ಲಿ ಮೆಂತ್ಯ ಸೋಸುತ್ತ ಕೂತಿದ್ದರು. ಹೋಗಿ ಎದುರಿಗೆ ಕೂತು, ರೂಢಿಯಂತೆ ದನಿಯೆತ್ತರಿಸಿ, “ಅತ್ತೀ, ನಿಮ್ಮ ಕಿವಿ ಬರೋಬರಿ ಅದಾವ್ರೀ, ಆ ಯಂತ್ರದಾಗೇ ತ್ರಾಣಿಲ್ಲ!” ಎಂದೆ.

“ಒದರಬ್ಯಾಡ” ಎಂದರು ಅತ್ತೆ, ಸೊಪ್ಪಿನಿಂದ ತಲೆಯೆತ್ತದೆ. “ಮೊದಲನೇ ದಿನಾನೇ ಹೇಳಿನಲ್ಲ.”

“ಮತ್ತ ಇಷ್ಟು ದಿನ ಯಾಕ ಸುಮ್ಮನಿದ್ರಿ?”

“ನೀ ಗ್ವಾಡಿ ಮ್ಯಾಲ ಬರದದ್ದು ನನ್ನ ಮಾತಿಗಿಂತ ದೊಡ್ಡದಲ್ಲೇನು? ಹೋಗಿ ನೋಡು, ಅದನೂ ಬರದಿರ್ತೀ.”

ನೋಡಿದೆ. ಬರೆದಿದ್ದೆ. ಹೆಡ್‌ಫೋನು ಬಂದ ದಿನದ ಚೌಕದಲ್ಲಿ, ನನ್ನದೇ ದುಂಡಗಿನ ಅಕ್ಷರದಲ್ಲಿ: ‘ಆವಾಜ್ ಇಲ್ಲ ಅಂದರು.’ ರೋಗಲಕ್ಷಣಗಳ ಪಟ್ಟಿಯ ಮೊದಲ ಸಾಲೆಂದೇ ನಾನದನ್ನು ಬರೆದುಕೊಂಡಿದ್ದೆ.

ಮರಳಿ ಬರುವಷ್ಟರಲ್ಲಿ ಅತ್ತೆ ಸೆರಗಿನ ಗಂಟಿನಿಂದ ಹಳೆಯ ಇಯರ್‌ಫೋನು ಬಿಚ್ಚಿದ್ದರು. ಮೆತ್ತನೆಯ ಹಳೆ ಸೀರೆಯ ತುಂಡಿನಿಂದ ಎರಡೂ ಗುಂಡಿಗಳಿಗೆ ಕುಲಾವಿ ಹೊಲಿದಿದ್ದರು, ಜಾರದಂತೆ. ಒಂದನ್ನು ತಮ್ಮ ಕಿವಿಗಿಟ್ಟುಕೊಂಡು ಇನ್ನೊಂದನ್ನು ನನ್ನ ಕಿವಿಗಿಟ್ಟರು. ಅಂಕಿ ಇಪ್ಪತ್ತೆರಡು. ತುಸು ಹೊತ್ತಿಗೆ ಅತ್ತೆ ಸ್ವಾಮಿಗಳ ಯಾವುದೋ ವಿನೋದಕ್ಕೆ ಹೊಟ್ಟೆ ಕುಲುಕಿಸಿ ನಕ್ಕರು. ನನಗೆ ಗುಣುಗುಣು ಬಿಟ್ಟರೆ ಬೇರೇನೂ ಇಲ್ಲ.

“ಈ ಕಡೀದು ಕೆಟ್ಟಿರಬೇಕ್ರಿ” ಎಂದೆ.

ಅತ್ತೆ ಗುಂಡಿಗಳನ್ನು ಅದಲುಬದಲು ಮಾಡಿದರು. ಅತ್ತ ಮತ್ತೆ ನಗು, ಇತ್ತ ಮತ್ತೆ ಗುಣುಗುಣು. ಆಗ ಅವರು ನನ್ನ ಮುಖವನ್ನೊಮ್ಮೆ ನೋಡಿ, ಹೆಬ್ಬೆರಳಿನಿಂದ ಅಂಕಿಯನ್ನು ಒಂದೊಂದಾಗಿ ಏರಿಸುತ್ತ ಬಂದರು. ನಾನು ನಕ್ಕಾಗ ಬೆರಳು ನಿಂತಿತು. ಪರದೆಯ ಮೇಲೆ ಮೂವತ್ತೊಂದು. ಅಷ್ಟು ಜೋರಿನ ಸದ್ದನ್ನು ಪ್ರವಚನ ಮುಗಿಯುವವರೆಗೂ ಅವರು ನನಗಾಗಿ ಸಹಿಸಿಕೊಂಡು ಕೂತರು.

ಡಾಕ್ಟರ ಅಪಾಯಿಂಟ್‌ಮೆಂಟನ್ನು ರದ್ದು ಮಾಡಲಿಲ್ಲ. ರೋಗಿಯ ಹೆಸರನ್ನಷ್ಟೇ ಬದಲಿಸಿದೆವು. ನಮ್ಮವರು ತೀರ್ಪು ಹಿಂತೆಗೆದುಕೊಂಡು ತಾವೇ ಕಪಾಟಿನ ಮೇಲಿನ ಚೀಲ ಇಳಿಸಿಕೊಟ್ಟರು. ಮೊನ್ನೆ ಬೆಳಿಗ್ಗೆ ನಾಸಿಕ್ ರೋಡಿನಲ್ಲಿ ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿ ಬಂದೆ. ಮಧ್ಯಾಹ್ನ ಅನ್ನಕ್ಕಿಡುವಾಗ ಫೋನು ಬಂತು.

“ಸುವರ್ಣಾ, ಲಾಸಲಗಾಂವದಾಗ ಉಳ್ಳಾಗಡ್ಡಿ ನಾತ ಬಂತು, ಮನಮಾಡದಾಗ ನಾ ಇಳೀಲಿಲ್ಲ ಅಂತ ನಿನ್ನ ಗಂಡಗ ಹೇಳು. ಈಗ ದೌಲತಾಬಾದ್ ಕಿಲ್ಲಾ ಕಾಣ್ಲಾಕ್ಹತ್ತದ.”

“ಸಾವಕಾಶ ಇಳೀರಿ ಅತ್ತೀ!” ಎಂದು ಕೂಗಿದೆ.

“ಕೇಳ್ಸತದ, ಒದರಬ್ಯಾಡ. ಇಪ್ಪತ್ತೆರಡರಾಗ ಇಟ್ಟೀನಿ, ಬರ್ಕೋ.”

ಪೆನ್ಸಿಲು ಹಿಡಿದೆ. ಅಂದಿನ ಚೌಕದಲ್ಲಿ ಹಾಲಿನವನ ಸೊನ್ನೆ ಆಗಲೇ ಕೂತಿತ್ತು. ಅದರ ಕೆಳಗೆ ‘ಅ. 22’ ಎಂದು ಬರೆದು, ಉಳಿದ ಚೂರು ಜಾಗದಲ್ಲಿ, ಇಷ್ಟು ವರ್ಷ ಈ ಗೋಡೆಯ ಯಾವ ಕ್ಯಾಲೆಂಡರಿನಲ್ಲೂ ಬಾರದ ಒಂದು ಹೆಸರಿನ ಮೊದಲಕ್ಷರವನ್ನು ಬರೆದೆ: ‘ಸು. 31’.