ತೊಟ್ಟಿಗೆ ಹೊದಿಸಿದ ಟಾರ್ಪಾಲು

ಚಾಮರಾಜಪೇಟೆಯ ನಮ್ಮ ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ಇಪ್ಪತ್ತಮೂರು ಕೆಂಪು ಮೀನುಗಳಿದ್ದವು. ಬೆಳಿಗ್ಗೆ ತಾತ ಕಡಲೆಪುರಿ ಉದುರಿಸುತ್ತಿದ್ದರು, ನಾನು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಅಜ್ಜಿ ಹೋದ ಮೇಲೆ ಅವರು ಕೋಣೆ ಬಿಟ್ಟು ಹೊರಗೆ ಬರುತ್ತಿದ್ದದ್ದು ಇದೊಂದು ಕೆಲಸಕ್ಕೆ.

ಅಕ್ಕನ ಮದುವೆ ಮಾರ್ಚ್ ಹನ್ನೆರಡಕ್ಕಿತ್ತು. ಗಂಗೆಪೂಜೆಗೆ ಈ ತೊಟ್ಟಿಯಿಂದಲೇ ನೀರು ತುಂಬುವುದು ನಮ್ಮ ಮನೆಯ ರೂಢಿ. ನೀರು ಹಸಿರುಗಟ್ಟಿ ತಳವೇ ಕಾಣುತ್ತಿರಲಿಲ್ಲ.

“ಬೀಗ್ರು ಈ ಪಾಚಿ ನೋಡಿದ್ರೆ, ಹುಡುಗೀಗೂ ಇದ್ರಲ್ಲೇ ಸ್ನಾನ ಮಾಡ್ಸಿದೀರಾ ಅಂತಾರೆ,” ಎಂದು ಅಮ್ಮ ಗೊಣಗಿದಳು.

ವಿಜ್ಞಾನದ ಮೇಷ್ಟರಾಗಿದ್ದ ತಾತ ನಕ್ಕರು. “ನೀನು ಉಸಿರಾಡೋ ಗಾಳಿನ ಶುರು ಮಾಡಿದ್ದೇ ಈ ಪಾಚಿ ಕುಲ ಕಣಮ್ಮ. ಬೇಕು ಅಂತ ಮಾಡಿದ್ದಲ್ಲ. ಅವುಕ್ಕೆ ಆಮ್ಲಜನಕ ಬರೀ ಕಸ. ಆ ಕಸದಿಂದ ಅವತ್ತಿನ ಜೀವಿಗಳು ಎಷ್ಟು ಸತ್ವೋ, ಲೆಕ್ಕ ಇಟ್ಟೋರಿಲ್ಲ.”

“ನಿಮ್ಮ ಮೊಮ್ಮಗ ಆವಾಗ ಇರ್ಲಿಲ್ವಲ್ಲ, ಅದಕ್ಕೆ!” ಎಂದು ಅಮ್ಮ ನನ್ನ ಎಣಿಕೆ ಪುಸ್ತಕದ ಕಡೆ ನೋಡಿದಳು.

ಬೆಳಕಿಲ್ಲದೆ ಪಾಚಿ ಸಾಯುತ್ತದೆಂದು ನನಗೆ ಗೊತ್ತಿತ್ತು. ತಾತನ ಕಣ್ಣಿನ ಪೊರೆ ತೆಗೆಸಿದ ವಾರ ಅವರು ಹಿತ್ತಲಿಗೆ ಬರುವಂತಿರಲಿಲ್ಲ. ಮಾರ್ಚ್ ಮೂರರಂದು ತೊಟ್ಟಿಗೆ ಕಪ್ಪು ಟಾರ್ಪಾಲು ಹೊದಿಸಿ, ಅಂಚಿಗೆಲ್ಲ ಇಟ್ಟಿಗೆ ಇಟ್ಟೆ. ನಡುವೆ ತೆರೆದರೆ ಬೆಳಕು ಬಿದ್ದು ಕೆಲಸ ಕೆಡುತ್ತದೆಂದು ಎಣಿಸುವುದನ್ನು ನಿಲ್ಲಿಸಿದೆ. ಪುಸ್ತಕದಲ್ಲಿ ದಿನಕ್ಕೊಂದು ಅಡ್ಡಗೆರೆ ಎಳೆದೆ.

“ಎಷ್ಟೋ ಇವತ್ತು?” ತಾತ ಮಲಗಿದಲ್ಲಿಂದಲೇ ಕೇಳುತ್ತಿದ್ದರು.

“ಇಪ್ಪತ್ತಮೂರು ತಾತ.”

ಹತ್ತನೆಯ ತಾರೀಖು ಟಾರ್ಪಾಲು ಎತ್ತಿದಾಗ ಮೊದಲು ಬಂದದ್ದು ನಾತ. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಣಿಸಿದೆ. ಇಪ್ಪತ್ತಮೂರು.

“ಗಂಗಮ್ಮನಿಗೆ ಏನು ಕೋಪ ಬಂತೋ,” ಎಂದು ಅಮ್ಮ ಕೆನ್ನೆ ಬಡಿದುಕೊಂಡಳು.

ಕೋಪಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಸತ್ತ ಪಾಚಿಯನ್ನು ಕೊಳೆಸುವ ಅಣುಜೀವಿಗಳು ನೀರಿನ ಆಮ್ಲಜನಕವನ್ನು ತೀರಿಸಿದ್ದವು. ಹೊಸದನ್ನು ಕೊಡಬೇಕಾದ ಪಾಚಿಯನ್ನು ನಾನೇ ಕೊಂದಿದ್ದೆ. ಮೀನನ್ನು ಬದುಕಿಸುವ ಉದ್ದೇಶ ಪಾಚಿಗಿರಲಿಲ್ಲ, ಸಾಯಿಸುವ ಉದ್ದೇಶ ಅಣುಜೀವಿಗಳಿಗೂ ಇರಲಿಲ್ಲ. ತಿಂದವು, ಬಿಟ್ಟವು, ನೀರು ಬದಲಾಯಿತು. ಇಡೀ ಭೂಮಿಯ ಗಾಳಿ ಬದಲಾದದ್ದೂ ಹೀಗೆಯೇ, ಯಾರ ದಯೆಯೂ ಇಲ್ಲದೆ.

ತಾತನಿಗೆ ಹೇಳಿದೆ. ಕಪ್ಪು ಕನ್ನಡಕ ನನ್ನ ಕಡೆ ತಿರುಗಿತು.

“ನಿನ್ನೆ ಇಪ್ಪತ್ತಮೂರು ಅಂದ್ಯಲ್ಲೋ?”

“ನೋಡಿರ್ಲಿಲ್ಲ ತಾತ. ಹೊಸ ಮೀನು ತರ್ತೀನಿ.”

“ಬೇಡಪ್ಪ.”

ಗಂಗೆಪೂಜೆಗೆ ನಲ್ಲಿ ನೀರು ತುಂಬಿದರು. ಬೀಗರು ಏನೂ ಕೇಳಲಿಲ್ಲ. ಎಲ್ಲಿ ಬೇಕಾದರೂ ಓಡಾಡಬಹುದೆಂದು ಡಾಕ್ಟರು ಹೇಳಿ ಇವತ್ತಿಗೆ ನಲವತ್ತೊಂದು ದಿನ. ತಾತ ಹಿತ್ತಲಿಗೆ ಬಂದಿಲ್ಲ.